ಝೂಮ್ ಬೇಡ, ಜಿಟ್ಸಿ ಸಾಕು ಎನ್ನುವ ಮುನ್ನ

ವಿಡಿಯೊ ಸಭೆಗೆ ಯಾವ ತಂತ್ರಾಂಶ ಎಂಬ ಪ್ರಶ್ನೆ ಎದ್ದ ಕೂಡಲೇ ಕಾಲೇಜುಗಳಲ್ಲೂ ಸಂಘಸಂಸ್ಥೆಗಳಲ್ಲೂ ಎರಡು ಪಂಗಡಗಳಾಗುತ್ತವೆ. ಒಬ್ಬರಿಗೆ ಝೂಮ್, ಗೂಗಲ್ ಮೀಟ್ ಬಿಟ್ಟರೆ ಬೇರೆ ಲೋಕವೇ ಇಲ್ಲ. ಇನ್ನೊಬ್ಬರಿಗೆ ಆ ಹೆಸರು ಕೇಳಿದರೇ ಮೈಲಿಗೆ; ಕೋಡ್ ಬಯಲಲ್ಲಿರುವ ಜಿಟ್ಸಿಯಂಥ ಓಪನ್ ಸೋರ್ಸ್ ತಂತ್ರಾಂಶವೇ ಆಗಬೇಕು. ಇಬ್ಬರೂ ಸೌಲಭ್ಯಗಳ ಪಟ್ಟಿ ಹಿಡಿದು ಜಗ್ಗಾಡುತ್ತಾರೆ: ಇದರಲ್ಲಿ ರೆಕಾರ್ಡಿಂಗ್ ಇದೆ, ಅದರಲ್ಲಿ ನಲವತ್ತು ನಿಮಿಷಕ್ಕೆ ಸಭೆ ಕಡಿದುಹೋಗುತ್ತದೆ, ಇತ್ಯಾದಿ. ಈ ಪಟ್ಟಿಗಳಿಂದ ಏನೂ ಇತ್ಯರ್ಥವಾಗುವುದಿಲ್ಲ ಎನ್ನುವುದು ನನ್ನ ತಕರಾರು. ನಮ್ಮ ಮುಖ, ಮಾತು ಹಾದುಹೋಗುವ ಸರ್ವರನ್ನು ನಡೆಸುವವರು ಯಾರು? ನಾಳೆ ಅವರು ಮನಸ್ಸು ಬದಲಿಸಿದರೆ ನಮಗೆ ಬೇರೆ ದಾರಿ ಉಂಟೆ? ಮೊದಲು ಕೇಳಬೇಕಾದ್ದು ಇವನ್ನು.

ಎರಡು ತಂತ್ರಾಂಶಗಳ ಕಥೆ ನೋಡಿ: ಸ್ಕೈಪ್ ಮತ್ತು ಜಿಟ್ಸಿ, ಎರಡೂ 2003ರ ಕೂಸುಗಳು. ಸ್ಕೈಪ್ ಬೇಗ ಮನೆಮಾತಾಯಿತು. ವಿದೇಶಕ್ಕೆ ಹೋದ ಮಕ್ಕಳ ಮುಖವನ್ನು ಎಷ್ಟೋ ತಾಯಂದಿರು ಕಂಪ್ಯೂಟರಿನಲ್ಲಿ ಮೊದಲು ಕಂಡದ್ದು ಅದರಲ್ಲೇ. 2005ರಲ್ಲಿ ಇಬೇ ಅದನ್ನು ಕೊಂಡಿತು, 2011ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿ, ತನ್ನದೇ ಇನ್ನೊಂದು ತಂತ್ರಾಂಶವಾದ ಟೀಮ್ಸ್‌ಗೆ ಬನ್ನಿ ಎಂದಿತು. ಸ್ಕೈಪಿನಲ್ಲೇ ಉಳಿಯುವ ಉಪಾಯವಿರಲಿಲ್ಲ, ಏಕೆಂದರೆ ಸ್ಕೈಪನ್ನು ಬೇರೊಬ್ಬರು ನಡೆಸಲು ಅದರ ಕೋಡ್ ಯಾರ ಕೈಯಲ್ಲೂ ಇರಲಿಲ್ಲ. ಇತ್ತ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓದುತ್ತಿದ್ದ ಬಲ್ಗೇರಿಯದ ಎಮಿಲ್ ಇವೊವ್ ಎಂಬ ವಿದ್ಯಾರ್ಥಿ ಶುರುಮಾಡಿದ ಯೋಜನೆಯೇ ಮುಂದೆ ಜಿಟ್ಸಿ ಆಯಿತು. ಅದೂ ಮಾರಾಟವಾಗಿದೆ: 2015ರಲ್ಲಿ ಅಟ್ಲಾಸಿಯನ್‌ಗೆ, 2018ರಲ್ಲಿ ಏಟ್ ಬೈ ಏಟ್ ಕಂಪನಿಗೆ. ಆದರೆ ಕೋಡ್ ಬಯಲಲ್ಲೇ ಉಳಿಯಿತು. ಕೊಂಡವರು ಕೈಬಿಟ್ಟರೂ ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಬಹುದು.

ಓಪನ್ ಸೋರ್ಸ್‌ನ ಪರವಾಗಿ ಇದಕ್ಕಿಂತ ಗಟ್ಟಿ ವಾದ ನನಗೆ ಕಾಣುವುದಿಲ್ಲ. ತೊಂದರೆ ಏನೆಂದರೆ, ಜಿಟ್ಸಿ ಬಳಸುತ್ತೇವೆ ಎನ್ನುವ ಬಹುತೇಕರು ಬಳಸುವುದು ಏಟ್ ಬೈ ಏಟ್ ಕಂಪನಿಯದೇ ಉಚಿತ ಸರ್ವರನ್ನು. 2023ರ ಆಗಸ್ಟ್‌ನಲ್ಲಿ ಅಲ್ಲಿ ನಿಯಮ ಬದಲಾಯಿತು. ಅಲ್ಲಿಯವರೆಗೆ ಹೆಸರು ದಾಖಲಿಸದೆ ಸಭೆ ತೆರೆಯಬಹುದಿತ್ತು. ಅಲ್ಲಿಂದಾಚೆ ಸಭೆ ತೆರೆಯುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಲೇಬೇಕು. ದುರ್ಬಳಕೆ ತಡೆಯಲು ಹಾಗೆ ಮಾಡಿದ್ದು, ಕಾರಣ ಸರಿಯಾದದ್ದೇ. ಆದರೂ ಗೂಗಲ್‌ನಿಂದ ತಪ್ಪಿಸಿಕೊಳ್ಳಲು ಬಂದವರನ್ನು ಗೂಗಲ್ ಬಾಗಿಲಲ್ಲೇ ಒಳಗೆ ಕರೆಯುವ ಈ ವ್ಯವಸ್ಥೆಯನ್ನು ಸ್ವಾತಂತ್ರ್ಯ ಎನ್ನಲು ನಾಲಿಗೆ ಹೊರಳುವುದಿಲ್ಲ.

ಹಾಗಾದರೆ ಸ್ವಂತ ಸರ್ವರ್ ಇಡೋಣವೆ? ಇಲ್ಲಿ ಲೆಕ್ಕ ಶುರುವಾಗುತ್ತದೆ. ಹತ್ತು ಜನರ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ವಿಡಿಯೊವನ್ನು ಉಳಿದ ಒಂಬತ್ತು ಜನಕ್ಕೆ ನೇರವಾಗಿ ಕಳಿಸಹೊರಟರೆ ಮನೆಯ ಇಂಟರ್‌ನೆಟ್ ಏದುಸಿರು ಬಿಡುತ್ತದೆ. ಅದಕ್ಕೇ ಎಲ್ಲರೂ ಒಂದೊಂದು ಪ್ರತಿಯನ್ನು ಸರ್ವರಿಗೆ ಕಳಿಸುತ್ತಾರೆ, ಅದು ಹಂಚುತ್ತದೆ. ಜಿಟ್ಸಿಯ ವಿಡಿಯೊಬ್ರಿಡ್ಜ್ ಮಾಡುವ ಕೆಲಸ ಇದೇ. ಎಲ್ಲರೂ ಕ್ಯಾಮೆರಾ ತೆರೆದು, ಎಲ್ಲರನ್ನೂ ಪರದೆಯಲ್ಲಿ ನೋಡುತ್ತ ಕೂತರೆ ಸರ್ವರಿಗೆ ಬರುವುದು ಹತ್ತು ಧಾರೆ, ಅಲ್ಲಿಂದ ಹೊರಡುವುದು ತೊಂಬತ್ತು. ಆ ತೊಂಬತ್ತರ ಬಾಬ್ತು ಯಾರಾದರೂ ಕೊಡಲೇಬೇಕು. ಝೂಮ್ ಅದನ್ನು ನಮ್ಮ ಕಣ್ಣಿಗೆ ಬೀಳದಂತೆ ಕೊಡುತ್ತದೆ, ಆಮೇಲೆ ನಲವತ್ತು ನಿಮಿಷದ ಗಡುವಿನಲ್ಲಿ ನೆನಪಿಸುತ್ತದೆ. ಓಪನ್ ಸೋರ್ಸ್ ಎಂದರೆ ಛತ್ರ ಪುಕ್ಕಟೆ, ಅಡುಗೆಯವರ ಕೂಲಿ, ಕರೆಂಟು ಬಿಲ್ಲು ನಮ್ಮದು.

ಸುರಕ್ಷತೆಯ ವಿಷಯದಲ್ಲಿ ಝೂಮ್‌ನ ಚರಿತ್ರೆ ಚೊಕ್ಕವಲ್ಲ. 2020ರ ಏಪ್ರಿಲ್‌ನಲ್ಲಿ ಭಾರತದ ಗೃಹ ಸಚಿವಾಲಯವೇ ಅದು ಸುರಕ್ಷಿತವಲ್ಲ ಎಂದು ಸೂಚನೆ ಹೊರಡಿಸಿತು. ಆ ತುದಿಯಿಂದ ಈ ತುದಿಯವರೆಗೆ ಗೂಢಲಿಪೀಕರಣ ಇದೆ ಎಂದು ಝೂಮ್ ವರ್ಷಗಟ್ಟಲೆ ಹೇಳಿಕೊಂಡಿದ್ದು ನಿಜವಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಪ್ರಕರಣ ಅದೇ ವರ್ಷದ ನವೆಂಬರ್‌ನಲ್ಲಿ ರಾಜಿಗೆ ಬಂತು. ಹಾಗೆಂದು ಜಿಟ್ಸಿ ಮಾಂತ್ರಿಕ ಕವಚವೇನಲ್ಲ. ದೊಡ್ಡ ಸಭೆಗಳಲ್ಲಿ ಅದರ ಸರ್ವರೂ ರೂಢಿಯಂತೆ ಗೂಢಲಿಪಿಯನ್ನು ಬಿಚ್ಚಿಯೇ ಮುಂದಕ್ಕೆ ಕಳಿಸುತ್ತದೆ. ವ್ಯತ್ಯಾಸ ಇಷ್ಟೇ: ಜಿಟ್ಸಿ ಅದನ್ನು ಬಾಯಿಬಿಟ್ಟು ಹೇಳುತ್ತದೆ, ಅನುಮಾನವಿದ್ದವರು ಕೋಡ್ ತೆಗೆದು ನೋಡಬಹುದು.

2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಝೂಮ್ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು. ನ್ಯಾಯಾಲಯ ವಿಡಿಯೊ ಕಾನ್ಫರೆನ್ಸನ್ನೂ ನೇರಪ್ರಸಾರವನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಇದನ್ನು ಝೂಮ್ ವಿರುದ್ಧದ ಸಾಕ್ಷಿಯಾಗಿ ಎತ್ತಿ ಹಿಡಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಾರ್ವಜನಿಕ ಕಲಾಪದ ಲಿಂಕ್ ಸಾರ್ವಜನಿಕವಾಗಿಯೇ ಇರುತ್ತದೆ; ಬಾಗಿಲಲ್ಲಿ ಕಾಯುವವರಿಲ್ಲದಿದ್ದರೆ ಯಾವ ತಂತ್ರಾಂಶಕ್ಕಾದರೂ ಇದೇ ಗತಿ. ಜಿಟ್ಸಿಯಲ್ಲಂತೂ ಕೋಣೆಯ ಹೆಸರೇ ಕೀಲಿಕೈ. ಸಂಘದ ಹೆಸರನ್ನೇ ಕೋಣೆಗೂ ಇಟ್ಟು, ಪಾಸ್‌ವರ್ಡ್ ಹಾಕದೆ, ಬಂದವರನ್ನು ಹೊರಗೆ ಕಾಯಿಸುವ ಲಾಬಿಯನ್ನೂ ತೆರೆಯದೆ ಕೂತರೆ ಆ ಹೆಸರು ಟೈಪ್ ಮಾಡಿದ ಯಾರೇ ಆಗಲಿ ಸೀದಾ ಒಳಗೆ ಬರುತ್ತಾರೆ.

ಪಾಠ ಮಾಡುವವರಿಗೆ ಮಾತ್ರ ನನ್ನ ಒಲವು ಸ್ಪಷ್ಟವಾಗಿ ಬಿಗ್‌ಬ್ಲೂಬಟನ್ ಎಂಬ ಓಪನ್ ಸೋರ್ಸ್ ತಂತ್ರಾಂಶದ ಕಡೆಗೆ. ಕೆನಡದ ಒಟ್ಟಾವದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಮೊದಲಾದ ಇದು ಕಂಪನಿ ಮೀಟಿಂಗಿಗಲ್ಲ, ತರಗತಿಗೆಂದೇ ಹುಟ್ಟಿದ್ದು. ಬಿಳಿಹಲಗೆಯಲ್ಲಿ ಮಕ್ಕಳೂ ಬರೆಯಬಹುದು, ತರಗತಿಯನ್ನು ಸಣ್ಣ ಗುಂಪುಗಳಾಗಿ ಒಡೆಯಬಹುದು, ರೆಕಾರ್ಡಿಂಗ್ ನಮ್ಮದೇ ಸರ್ವರಿನಲ್ಲಿ ಉಳಿಯುತ್ತದೆ. ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ನ 2022ರ 4.0 ಆವೃತ್ತಿಯಿಂದ ಅದು ಮೂಡಲ್ ಒಳಗೇ ಬರುತ್ತಿರುವುದರಿಂದ, ಮೂಡಲ್ ಇರುವ ಕಾಲೇಜಿಗೆ ಸೇರಿಸಿಕೊಳ್ಳುವುದು ಸುಲಭ. ಸರ್ವರ್ ಹಾಕುವುದು ಮಾತ್ರ ಸುಲಭವಲ್ಲ. ಪ್ರತಿ ಆವೃತ್ತಿಗೂ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ ಇಂಥದ್ದೇ ಆವೃತ್ತಿ ಬೇಕೆಂದು ಹಟ ಹಿಡಿಯುತ್ತದೆ, ಮೆಮೊರಿ ಧಾರಾಳವಾಗಿ ಕೇಳುತ್ತದೆ. ವಿದ್ಯಾರ್ಥಿ ಮೊಬೈಲ್ ಬ್ರೌಸರಿನಿಂದ ತನ್ನ ಪರದೆ ಹಂಚಿಕೊಳ್ಳಲು ಹೊರಟರೆ ಆಗುವುದಿಲ್ಲ. ನೆಟ್‌ವರ್ಕ್ ಸೊರಗಿದ ಊರುಗಳಲ್ಲಿ ಝೂಮ್‌ನಷ್ಟು ಹೊಂದಿಕೊಂಡು ಹೋಗುವ ಗುಣ ಇದಕ್ಕಿಲ್ಲ ಎಂಬುದೂ ನನ್ನ ಅಭಿಪ್ರಾಯ.

ತಿಂಗಳಿಗೊಮ್ಮೆ ಸೇರುವ ಓದುಗರ ಬಳಗ ಸ್ವಂತ ಸರ್ವರಿನ ಗೋಜಿಗೆ ಹೋಗಬೇಕಿಲ್ಲ. ಗೂಗಲ್ ಮೀಟ್‌ನಲ್ಲಿ ಕೂತು ಕಥೆ ಓದಿದರೆ ಯಾರ ಗಂಟೂ ಹೋಗುವುದಿಲ್ಲ. ದಿನವೂ ತರಗತಿ ನಡೆಸುವ ನಾಲ್ಕಾರು ಕಾಲೇಜುಗಳು ಸೇರಿ ಒಂದು ಬಿಗ್‌ಬ್ಲೂಬಟನ್ ಸರ್ವರ್ ಇಟ್ಟುಕೊಂಡರೆ ಅದಕ್ಕೆ ಅರ್ಥವಿದೆ. ಆದರೆ ಪರೀಕ್ಷೆಗೆ ಮುನ್ನಿನ ಸೋಮವಾರ ಬೆಳಿಗ್ಗೆ ಸರ್ವರ್ ಕೈಕೊಟ್ಟಾಗ ಫೋನ್ ಎತ್ತುವ ಒಬ್ಬರು ಬೇಕು. ಅವರ ಸಂಬಳಕ್ಕೆ ಬಜೆಟ್ಟಿನಲ್ಲಿ ಜಾಗವಿಲ್ಲದ ಕಡೆ, ಕಂಪ್ಯೂಟರ್ ಬಲ್ಲ ಯಾವನೋ ಅತಿಥಿ ಉಪನ್ಯಾಸಕನ ತಲೆಗೆ ಅದನ್ನು ಕಟ್ಟುವುದಕ್ಕಿಂತ ಮೀಟ್‌ನಲ್ಲೇ ಪಾಠ ಮುಂದುವರಿಸುವುದು ವಾಸಿ.