ಕಾಳು ತೂಗಿದ ಮೇಲೆ ಕಣಿಕೆ

ಧಾರವಾಡ ಸೀಮೆಯ ಎರೆಹೊಲದವರು ಜೋಳವನ್ನು ಮೂರು ಕಡೆ ಪರೀಕ್ಷೆ ಮಾಡುತ್ತಾರೆ. ಮೊದಲು ಕಣದಲ್ಲಿ: ಎಷ್ಟು ಚೀಲ ಕಾಳು ಬಂತು. ಆಮೇಲೆ ಕೊಟ್ಟಿಗೆಯಲ್ಲಿ: ಎಮ್ಮೆ ಕಣಿಕೆಯನ್ನು ಬುಡದ ತನಕ ತಿಂದಿತೋ, ಎಲೆಯಷ್ಟೇ ಕಿತ್ತುಕೊಂಡು ದಂಟು ತುಳಿದು ಬಿಟ್ಟಿತೋ. ಕೊನೆಗೆ ಒಲೆಯ ಮುಂದೆ: ಹಿಟ್ಟಿಗೆ ಜಿಗಿ ಇದೆಯೋ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೋ. ನಮ್ಮ ಆಯಿ ಬೀಜಕ್ಕೆ ತೆನೆ ಆರಿಸುವಾಗ ಆ ಗಿಡದ ದಂಟನ್ನು ಮುರಿದು ಅಗಿದು ನೋಡುತ್ತಿದ್ದಳು. ‘ಕಾಳಷ್ಟ ನೋಡಿ ಬೀಜ ಇಡಬ್ಯಾಡ, ಕಣಿಕಿ ಸೀ ಐತೇನು ನೋಡು’ ಅನ್ನುವುದು ಅವಳ ಮಾತು. ಹೊಲ, ಕೊಟ್ಟಿಗೆ, ಅಡಿಗೆಮನೆ ಮೂರಕ್ಕೂ ಒಂದೇ ಬೆಳೆ ಉತ್ತರ ಕೊಡಬೇಕಿತ್ತು.

ಧಾರವಾಡದ ಕೃಷಿ ಸಂಶೋಧನೆಯನ್ನು ನಾನು ಈ ಮೂರು ಪರೀಕ್ಷೆಗಳಿಂದಲೇ ಅಳೆಯಬೇಕೆಂದಿದ್ದೇನೆ. ಇಲ್ಲಿ ಕೃಷಿ ಕಾಲೇಜು ಶುರುವಾದದ್ದು 1947ರಲ್ಲಿ. ಬೆಂಗಳೂರಿನ ವಿಶ್ವವಿದ್ಯಾಲಯದಿಂದ ಬೇರೆಯಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಿಂತದ್ದು 1986ರ ಅಕ್ಟೋಬರ್‌ನಲ್ಲಿ. ಪ್ರತಿ ಸೆಪ್ಟೆಂಬರ್‌ನಲ್ಲಿ ಯತ್ತಿನಗುಡ್ಡದ ಕೃಷಿ ಮೇಳಕ್ಕೆ ಬುತ್ತಿ ಕಟ್ಟಿಕೊಂಡು ಬರುವ ಜನಸಾಗರವನ್ನು ಕಂಡವರಿಗೆ ಈ ಸಂಸ್ಥೆಯ ಮೇಲೆ ರೈತರು ಇಟ್ಟ ನಂಬಿಕೆ ಎಷ್ಟು ದೊಡ್ಡದೆಂದು ಗೊತ್ತು. ಆ ನಂಬಿಕೆ ಇರುವುದರಿಂದಲೇ ವಿಮರ್ಶೆ ಬೇಕು.

ಜೋಳದಿಂದಲೇ ಶುರುಮಾಡೋಣ. ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಗಿಡ್ಡ ಗಿಡ, ಬೇಗ ಬರುವ ಬೆಳೆ, ತೆನೆ ತುಂಬ ಕಾಳು. ಕಣದ ಪರೀಕ್ಷೆಯಲ್ಲಿ ಅದು ಪಾಸಾಯಿತು. ಆದರೆ ಬೇಗ ಮಾಗುವ ಮುಂಗಾರಿ ಸಂಕರಣಗಳಿಗೆ ಒಂದು ಗಂಡಾಂತರ ಇತ್ತು: ಕಾಳು ಬಲಿಯುವ ಹೊತ್ತಿಗೆ ಮಳೆ ಇನ್ನೂ ಬಿಟ್ಟಿರುತ್ತಿರಲಿಲ್ಲ, ತೆನೆಗೆ ಬೂಸು ಹಿಡಿದು ಕಾಳು ಕಪ್ಪಾಗುತ್ತಿತ್ತು. ರೊಟ್ಟಿ ಕೆಟ್ಟಿತು, ಪೇಟೆಯಲ್ಲಿ ದರ ಬಿತ್ತು. ಗಿಡ ಗಿಡ್ಡವಾದ್ದರಿಂದ ಬಣವೆಯೂ ಕುಗ್ಗಿತು. ಹಿಂಗಾರಿಯಲ್ಲಂತೂ ಸಂಕರಣಗಳು ಕಾಲೂರಲೇ ಇಲ್ಲ. ಮಳೆ ನಿಂತ ಮೇಲೆ ಎರೆಮಣ್ಣಿನ ಹಸಿಯೊಂದನ್ನೇ ನಂಬಿ ಬೆಳೆಯುವ ಆ ಜೋಳಕ್ಕೆ ಸುಳಿ ನೊಣವನ್ನೂ ಒಣ ಹವೆಯನ್ನೂ ತಡೆಯುವ ಶಕ್ತಿ ಬೇಕು. ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಡತಳಿಯಿಂದ ಆರಿಸಿ ತೆಗೆದ ಮಾಲದಂಡಿ, ಅಂದರೆ ಎಂ 35-1, ಇಂದಿಗೂ ನಮ್ಮ ಹಿಂಗಾರಿ ಹೊಲಗಳಲ್ಲಿ ನಿಂತಿದೆ. ಹೊಸ ತಳಿಯೊಂದು ಬಂದರೆ ಅದನ್ನು ಇಂದಿಗೂ ಮಾಲದಂಡಿಯ ಪಕ್ಕದಲ್ಲಿ ಬಿತ್ತಿಯೇ ಹೋಲಿಸುತ್ತಾರೆ.

ಸಂಕರಣ ಒಲ್ಲೆನೆಂದ ರೈತರನ್ನು ಬಹಳ ಕಾಲ ‘ಹಳೇ ಪದ್ಧತಿಯವರು’ ಎಂದು ಕರೆದರು. ಅದು ಅನ್ಯಾಯದ ಮಾತು. ವಿಜ್ಞಾನಿಯ ತಕ್ಕಡಿಯಲ್ಲಿ ಒಂದೇ ತಟ್ಟೆ ಇತ್ತು, ರೈತ ಮಹಿಳೆಯ ತಕ್ಕಡಿಯಲ್ಲಿ ಮೂರು ಇದ್ದವು. ಅವಳ ಲೆಕ್ಕವೇ ಹೆಚ್ಚು ಶಾಸ್ತ್ರೀಯವಾಗಿತ್ತೆಂದು ಮುಂದೆ ಪ್ರಯೋಗಾಲಯಗಳೇ ತೋರಿಸಿದವು. ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ಮೈಕೆಲ್ ಬ್ಲ್ಯೂಮೆಲ್ ಮತ್ತು ಜೊತೆಗಾರರು ಹೈದರಾಬಾದಿನ ಕಣಿಕೆ ಮಾರುಕಟ್ಟೆಯನ್ನು ಅಧ್ಯಯನ ಮಾಡಿದಾಗ, ಹೆಚ್ಚು ಜೀರ್ಣವಾಗುವ ಕಣಿಕೆಗೆ ಕೊಳ್ಳುವವರು ಹೆಚ್ಚು ಹಣ ಕೊಡುತ್ತಿದ್ದರು. ಯಾವ ಯಂತ್ರವೂ ಇಲ್ಲದೆ ಕಣ್ಣಿನಿಂದ, ಕೈಯಿಂದ, ಬಾಯಿಂದ ಅವರು ಅದನ್ನು ಗುರುತಿಸುತ್ತಿದ್ದರು. ಈಗ ಹಿಂಗಾರಿ ಜೋಳದ ತಳಿ ಪರೀಕ್ಷೆಯಲ್ಲಿ ಮೇವಿನ ಇಳುವರಿಗೂ ಒಂದು ಅಂಕಣ ಇದೆ. ಒಳ್ಳೆಯದಾಯಿತು. ಆದರೆ ಅಂಕಣ ಬರುವ ಹೊತ್ತಿಗೆ ಹುಬ್ಬಳ್ಳಿ, ಕುಂದಗೋಳ, ಹಾವೇರಿ ಕಡೆಯ ಮುಂಗಾರಿ ಜೋಳದ ಹೊಲಗಳು ಗೋವಿನಜೋಳಕ್ಕೆ, ಸೋಯಾಕ್ಕೆ, ಬಿಟಿ ಹತ್ತಿಗೆ ಹೋಗಿಬಿಟ್ಟಿದ್ದವು. ಗೋವಿನಜೋಳದ ದಂಟು ಎಮ್ಮೆಗೆ ಅಷ್ಟಕ್ಕಷ್ಟೆ, ಹತ್ತಿ ಕಟ್ಟಿಗೆ ಒಲೆಗಷ್ಟೇ. ಮೇವು ಕೊಂಡು ಎಮ್ಮೆ ಸಾಕುವ ಲೆಕ್ಕ ಸಣ್ಣ ಹಿಡುವಳಿಯವರಿಗೆ ಕೂಡಿಬರುವುದಿಲ್ಲ.

ಕಣದಲ್ಲೂ ಕೊಟ್ಟಿಗೆಯಲ್ಲೂ ಗೆದ್ದ ಧಾರವಾಡದ ತಳಿ ಯಾವುದೆಂದು ಕೇಳಿದರೆ ನಾನು ಶೇಂಗಾದ ಜಿಪಿಬಿಡಿ-4ರ ಹೆಸರು ಹೇಳುತ್ತೇನೆ. ಎಂ.ವಿ.ಸಿ. ಗೌಡ ಮತ್ತು ಅವರ ಸಂಗಡಿಗರ ತಳಿ ಇದು. ಶೇಂಗಾಕ್ಕೆ ಎರಡು ದೊಡ್ಡ ಪಿಡುಗು: ಟಿಕ್ಕಾ ಎಂದು ರೈತರು ಕರೆಯುವ ಎಲೆಚುಕ್ಕೆ, ಇನ್ನೊಂದು ತುಕ್ಕು. ಎರಡೂ ಕೂಡಿ ಬಂದರೆ ಕೀಳುವ ಹೊತ್ತಿಗೆ ಬಳ್ಳಿಯಲ್ಲಿ ಎಲೆಯೇ ಉಳಿಯುವುದಿಲ್ಲ. ಜಿಪಿಬಿಡಿ-4 ಎರಡಕ್ಕೂ ಎದೆಗೊಟ್ಟು ನಿಲ್ಲುತ್ತದೆ. ಇದರ ಪುಣ್ಯದಿಂದ ಕಾಯಿ ತುಂಬುವುದು ಒಂದು ಲಾಭ, ಔಷಧಿ ಹೊಡೆಯುವ ಖರ್ಚು ಉಳಿಯುವುದು ಎರಡನೆಯದು. ಮೂರನೆಯದು ಯಾರೂ ಅಷ್ಟಾಗಿ ಹೇಳದ್ದು: ಕಿತ್ತ ಬಳ್ಳಿ ಹಸಿರೆಲೆಯೊಡನೆ ಮನೆಗೆ ಬರುತ್ತದೆ. ಬೇಸಿಗೆಯಲ್ಲಿ ಒಣ ಕಣಿಕೆಗೆ ಒಂದು ಹಿಡಿ ಶೇಂಗಾ ಹೊಟ್ಟು ಬೆರೆಸಿದರೆ ಎಮ್ಮೆ ಗೋದಲಿ ನೆಕ್ಕುತ್ತದೆ. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯವರು ಜೀನು ಗುರುತುಗಳ ನೆರವಿನಿಂದ ತುಕ್ಕುನಿರೋಧಕ ಶೇಂಗಾ ತಳಿಗಳನ್ನು ಮಾಡುವಾಗ ನಿರೋಧಶಕ್ತಿಯ ತಾಯಿಬೇರಾಗಿ ಆರಿಸಿಕೊಂಡದ್ದು ಇದೇ ಧಾರವಾಡದ ತಳಿಯನ್ನು. ರೈತರು ಮನೆಯಲ್ಲೇ ಬೀಜ ಇಟ್ಟುಕೊಳ್ಳಬಹುದಾದ ಬೆಳೆ ಎಂಬುದೂ ಇದರ ಹಿರಿಮೆಗೆ ಸೇರಬೇಕು.

ಬೀಜದ ಮಾತು ಬಂದರೆ ಹತ್ತಿಯನ್ನು ಬಿಡುವಂತಿಲ್ಲ. 1972ರಲ್ಲಿ ಬಿ.ಎಚ್. ಕಾತರಕಿ ಅವರು ಧಾರವಾಡದಲ್ಲಿ ಹೊರತಂದ ವರಲಕ್ಷ್ಮಿ, ಗದುಗಿನ ಲಕ್ಷ್ಮಿ ಹತ್ತಿಗೂ ಎಸ್‌ಬಿ 289ಇ ಎಂಬ ಉದ್ದನೂಲಿನ ಬೇರೆ ಪ್ರಭೇದಕ್ಕೂ ಹುಟ್ಟಿದ ಕೂಸು. ಎರಡು ಪ್ರಭೇದ ಕೂಡಿಸಿ ವ್ಯಾಪಾರಕ್ಕೆ ಒದಗುವ ಸಂಕರಣ ಹತ್ತಿ ಮಾಡಿ ತೋರಿಸಿದ್ದು ದೊಡ್ಡ ಸಾಧನೆ. ಈಜಿಪ್ಟಿನಂಥ ನೂಲು ನಮ್ಮ ಹೊಲದಲ್ಲೇ ಬಂತು. ಅದರ ಬೆನ್ನಿಗೆ 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಕಣದ ಪರೀಕ್ಷೆಯಲ್ಲಿ ಇವಕ್ಕೆ ಪೂರ್ತಿ ಅಂಕ. ಆದರೆ ಸಂಕರಣ ಬೀಜ ಮಾಡುವ ಕೆಲಸದಲ್ಲಿ ರಾಣೆಬೆನ್ನೂರು, ಹಾವೇರಿ ಕಡೆಯ ಸಾವಿರಾರು ಹೆಣ್ಣುಮಕ್ಕಳ ಬೆನ್ನು ಬಾಗಿದ್ದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ‘ಕ್ರಾಸಿಂಗ್’ ಎಂದರೆ ಸಂಜೆ ಮರುದಿನ ಅರಳುವ ಮೊಗ್ಗು ಹುಡುಕಿ, ಉಗುರಿನಿಂದ ಗಂಡುಕೇಸರ ಬಿಡಿಸಿ ತೆಗೆದು ಗುರುತು ಕಟ್ಟುವುದು, ಬೆಳಿಗ್ಗೆ ಗಂಡು ಹೂ ತಂದು ಒಂದೊಂದಕ್ಕೂ ಸವರುವುದು. ತಿಂಗಳುಗಟ್ಟಲೆ ಇದೇ. ಎಳೆಯ ಬೆರಳು ನಾಜೂಕೆಂದು ಶಾಲೆಯ ಹುಡುಗಿಯರನ್ನು ಕರೆದೊಯ್ದ ಕಾಲವೂ ಇತ್ತು. ಒಂದು ತಂತ್ರ ಹೊಲಕ್ಕೆ ಹೋಗುವ ಮೊದಲು ಅದು ಯಾರ ಕೈಯ ಮೇಲೆ ನಿಲ್ಲುತ್ತದೆ ಎಂದು ಕೇಳುವುದು ವಿಜ್ಞಾನಿಯ ಕೆಲಸವಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಧಾರವಾಡದಲ್ಲೇ, ಪ್ರತಿವರ್ಷ ಬೀಜ ಕೊಳ್ಳುವ ಬವಣೆ ತಪ್ಪಿಸುವ ಇನ್ನೊಂದು ಪ್ರಯತ್ನವೂ ನಡೆಯಿತು, ಅದರ ಗತಿ ನೋವಿನದು. ಐ.ಎಸ್. ಕಟಗೇರಿ ಮತ್ತು ತಂಡ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಬಿಕಾನೇರಿ ನರ್ಮಾ ತಳಿಗೆ ಬಿಟಿ ಜೀನು ಸೇರಿಸಿದರು. ಸಂಕರಣವಲ್ಲದ ಬಿಟಿ, ಬೀಜ ಇಟ್ಟುಕೊಂಡು ಮತ್ತೆ ಬಿತ್ತಬಹುದಾದ ಬಿಟಿ! 2008ರಲ್ಲಿ ಒಪ್ಪಿಗೆ ಸಿಕ್ಕು 2009ರಲ್ಲಿ ಹೊಲಕ್ಕೆ ಬಂದ ಆ ಬೀಜದಲ್ಲಿ ಮಾನ್ಸಾಂಟೊ ಕಂಪನಿಯ ಜೀನೂ ಬೆರೆತಿರುವುದು ಕಂಡು ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. 2012ರಲ್ಲಿ ಸೊಪೋರಿ ಸಮಿತಿಯ ವರದಿ ಆ ಬೆರಕೆಯನ್ನು ಖಚಿತಪಡಿಸಿತು. ಇಲ್ಲಿ ನನ್ನ ತಕರಾರು ಬೆರಕೆಯ ಬಗ್ಗೆ ಮಾತ್ರವಲ್ಲ. ದಾಖಲೆ ಇಡುವ ಶಿಸ್ತು, ಬೀಜ ಶುದ್ಧಿಯ ತಪಾಸಣೆ ಗಟ್ಟಿಯಾಗಿದ್ದರೆ ತಪ್ಪು ತಾಕಿನಲ್ಲೇ ಸಿಕ್ಕಿಬೀಳುತ್ತಿತ್ತು. ಸರಿಯಾದ ಗುರಿಯ ಕೆಲಸವೊಂದು ಹೀಗೆ ಹಾಳಾದದ್ದರಿಂದ ಸಾರ್ವಜನಿಕ ಸಂಸ್ಥೆಯ ಬಿಟಿ ಬೀಜದ ದಾರಿಯೇ ಬಹುಕಾಲ ಮುಚ್ಚಿತು, ಹೊಲ ಕಂಪನಿಗಳ ಪಾಲಾಯಿತು.

ಇನ್ನು ಎಮ್ಮೆ. ಹತ್ತಿಕಾಳು ಅರೆದು ಎಮ್ಮೆಗೆ ಇಟ್ಟರೆ ಹಾಲಿಗೆ ಕೊಬ್ಬು ಬರುತ್ತದೆ, ಆ ಹಾಲಿನ ಖೋವೆಯಿಂದ ಪೇಡೆ. ಧಾರವಾಡದ ಹೆಸರು ಊರೂರಿಗೆ ಒಯ್ದ ಸಿಹಿಯ ಹಿಂದೆ ಒಂದು ಕಪ್ಪು, ಮಧ್ಯಮ ಗಾತ್ರದ, ಬೆನ್ನ ಕಡೆಗೆ ಬಾಗಿದ ಕೋಡಿನ ಎಮ್ಮೆ ಇದೆ. ಅಚ್ಚರಿಯೆಂದರೆ 1970ರ ದಶಕದಲ್ಲಿ ಎಮ್ಮೆಗಳ ಅಖಿಲ ಭಾರತ ಸಮನ್ವಯ ಯೋಜನೆ ಶುರುವಾದಾಗ ಧಾರವಾಡದ ಕೇಂದ್ರಕ್ಕೆ ಒಪ್ಪಿಸಿದ್ದು ಗುಜರಾತಿನ ಸುರ್ತಿ ತಳಿ. ಗೇಟಿನ ಹೊರಗೆ ಮೇಯುತ್ತಿದ್ದ ಎಮ್ಮೆಯ ಹೆಸರು ಸರ್ಕಾರಿ ಕಡತದಲ್ಲಿ ‘ಗೊತ್ತುಗುರಿ ಇಲ್ಲದ ತಳಿ’. ಅದಕ್ಕೆ ಮುರ‍್ರಾ, ಸುರ್ತಿ ಕೋಣದ ವೀರ್ಯ ಕೊಟ್ಟು ‘ಸುಧಾರಿಸು’ವುದೇ ದಶಕಗಳ ನೀತಿ. ಇದೇ ವಿಶ್ವವಿದ್ಯಾಲಯದ ಪಶು ವಿಜ್ಞಾನಿಗಳು ಹಳ್ಳಿ ಹಳ್ಳಿ ತಿರುಗಿ ಮೈಕಟ್ಟು, ಹಾಲು, ಜೀನುಗಳ ದಾಖಲೆ ಮಾಡಿದ ಮೇಲೆ 2021ರಲ್ಲಿ ‘ಧಾರವಾಡಿ’ ದೇಶದ 18ನೆಯ ಎಮ್ಮೆ ತಳಿಯಾಗಿ ನೋಂದಣಿಯಾಯಿತು. ಧಾರವಾಡದ ವಿಜ್ಞಾನ ಮಾಡಿದ ಅತ್ಯಂತ ನ್ಯಾಯವಾದ ಕೆಲಸಗಳಲ್ಲಿ ಇದೊಂದು.

ದಿನಕ್ಕೆ ಸರಾಸರಿ ಮೂರು ಲೀಟರ್ ಆಸುಪಾಸು ಹಾಲು ಕೊಡುವ ಎಮ್ಮೆಗೆ ಇಷ್ಟು ಮರ್ಯಾದೆ ಯಾಕೆ ಎಂದು ಕೇಳುವವರು ಇದ್ದಾರೆ. ಅವರು ಮತ್ತೆ ಒಂದೇ ತಟ್ಟೆಯಲ್ಲಿ ತೂಗುತ್ತಿದ್ದಾರೆ. ಮುರ‍್ರಾ ಹೆಚ್ಚು ಕರೆಯುತ್ತದೆ ನಿಜ, ಅದಕ್ಕೆ ಹಸಿ ಮೇವು, ಹಿಂಡಿ, ನೀರೂ ಹೆಚ್ಚು ಬೇಕು. ನವಲಗುಂದದ ಬೇಸಿಗೆಯಲ್ಲಿ ಬರೀ ಕಣಿಕೆ ತಿಂದು, ಹಳ್ಳದ ಕೆಸರಿನಲ್ಲಿ ಮೈ ತಣಿಸಿಕೊಂಡು, ಸಂಜೆ ಚರಿಗೆ ತುಂಬ ಗಟ್ಟಿ ಹಾಲು ಕೊಡುವ ಎಮ್ಮೆಯನ್ನು ಹಾಲಿನ ಲೀಟರ್‌ನಿಂದ ಅಳೆಯದೆ, ತಿಂದ ಮೇವಿನ ಪ್ರತಿ ಕಿಲೋಗೆ ಕೊಟ್ಟ ಕೊಬ್ಬಿನಿಂದ ಅಳೆದು ನೋಡಲಿ. ನೋಂದಣಿ ಆಯಿತೆಂದು ಕೈಕಟ್ಟಿ ಕೂರುವ ಹೊತ್ತೂ ಇದಲ್ಲ. ಒಳ್ಳೆಯ ತಾಯಿಯ ಧಾರವಾಡಿ ಕೋಣಗಳನ್ನು ಆರಿಸಿ, ಊರ ಡಾಕ್ಟರರ ನೈಟ್ರೋಜನ್ ಕ್ಯಾನಿನಲ್ಲಿ ಅವುಗಳ ವೀರ್ಯದ ನಳಿಕೆಯೂ ಸಿಗುವಂತೆ ಮಾಡದಿದ್ದರೆ ಆ ಪ್ರಮಾಣಪತ್ರದಿಂದ ಗೌಳಿಗರ ಮನೆಗೆ ಏನು ಬಂತು?

ಆರೋಗ್ಯಕ್ಕೆ ಬಂದರೆ ಸದಕ ಗೋಧಿಯ ಕಥೆ ಚೆಲುವಾದದ್ದು. ಹುಗ್ಗಿಗೆ, ಮಾದಲಿಗೆ ನಮ್ಮವರು ಬೇಡುವ ಈ ಸಿಪ್ಪೆಗೋಧಿಗೆ ಜವೆಗೋಧಿ ಎಂದೂ ಹೆಸರು. ಎತ್ತರ ಬೆಳೆದು ಗಾಳಿಗೆ ಒರಗುತ್ತಿದ್ದ ಬೆಳೆಗೆ ಧಾರವಾಡದವರು ಡಿಡಿಕೆ-1009, 1025, 1029ರಂಥ ಗಿಡ್ಡ ತಳಿ ಕೊಟ್ಟರು. ಗೋಧಿ ತಳಿ ವಿಜ್ಞಾನಿ ಆರ್.ಆರ್. ಹಂಚಿನಾಳ ಮತ್ತು ಗೃಹವಿಜ್ಞಾನದ ನಿರ್ಮಲಾ ಏಣಗಿ ಜೊತೆಗೂಡಿ, ಸಕ್ಕರೆ ಕಾಯಿಲೆಯವರಿಗೆ ಈ ಗೋಧಿಯ ಊಟ ಕೊಟ್ಟು ರಕ್ತದ ಸಕ್ಕರೆ, ಕೊಬ್ಬು ಪರೀಕ್ಷಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ರಕ್ತದ ಕೊಬ್ಬು ಇಳಿದದ್ದನ್ನು ಅವರು ಕಂಡರು. ಬಿತ್ತುವವರೂ ಬೇಯಿಸುವವರೂ ಒಂದೇ ಪ್ರಶ್ನೆಗೆ ಕೂತ ಇಂಥ ಸಂಶೋಧನೆ ನಮ್ಮಲ್ಲಿ ಅಪರೂಪ. ಆದರೆ ಪೇಟೆಯವರು ಅದನ್ನು ಹಿಡಿದುಕೊಂಡು ‘ಶುಗರ್ ವಾಸಿಯಾಗುತ್ತದೆ’, ‘ಗ್ಲೂಟೆನ್ ಇಲ್ಲ’ ಎಂದು ಪೊಟ್ಟಣದ ಮೇಲೆ ಬರೆಯತೊಡಗಿದರೆ ವಿಜ್ಞಾನಿಗಳು ಸುಮ್ಮನಿರಬಾರದು. ಸದಕದಲ್ಲೂ ಗ್ಲೂಟೆನ್ ಇದೆ, ಅದನ್ನು ತಾಳದ ಹೊಟ್ಟೆಯವರಿಗೆ ಸುಳ್ಳು ಹೇಳಿದರೆ ಜೀವಕ್ಕೇ ಕುತ್ತು.

ಕೊಟ್ಟಿಗೆಗೂ ದವಾಖಾನೆಗೂ ನಡುವಿನ ಗೋಡೆ ಮಾತ್ರ ಇನ್ನೂ ಒಡೆದಿಲ್ಲ. ಬೆಳೆ ಧಾರವಾಡದ ವಿಶ್ವವಿದ್ಯಾಲಯದ ಪಾಲು, ಜಾನುವಾರು 2005ರ ಹೊತ್ತಿಗೆ ಕೆಲಸ ಶುರುಮಾಡಿದ ಬೀದರಿನ ಪಶು ವಿಶ್ವವಿದ್ಯಾಲಯದ ಪಾಲು, ಮನುಷ್ಯರ ರೋಗ 1957ರಿಂದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಪಾಲು. ವಿಜಯಪುರದಲ್ಲಿ ಬಿ.ಜಿ. ಮಂಟೂರ ಮತ್ತು ಜೊತೆಗಾರರು ಹದಿನಾರು ವರ್ಷ ಬಿಡದೆ ಹುಡುಕಿ, ಬ್ರುಸೆಲ್ಲೋಸಿಸ್ ತಗುಲಿದ 495 ವಯಸ್ಕರ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಇದು ಜಾನುವಾರಿನ ರೋಗ. ನಮ್ಮಲ್ಲಿ ಕಂದು ಹಾಕುವ ರೋಗ ಎನ್ನುತ್ತಾರೆ. ಕಾಯಿಸದ ಹಾಲಿನಿಂದ, ಕಂದು ಹಾಕಿದ ಎಮ್ಮೆ ಆಡುಗಳ ಮಾಸು ಮುಟ್ಟಿದ್ದರಿಂದ ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲುನೋವು, ಸೊಂಟನೋವು. ಟೈಫಾಯ್ಡ್ ಎಂದೋ ಮಲೇರಿಯಾ ಎಂದೋ ಮದ್ದು ನಡೆಯುತ್ತಿರುತ್ತದೆ. 2019ರ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಲಸಿಕೆ ಹಾಕಲು ಶುರುವಾಗಿದೆ, ಆಡು ಕುರಿಗಳು ಅದರ ಹೊರಗೇ ಉಳಿದಿವೆ.

ಹಳ್ಳಿಯಲ್ಲಿ ಎಮ್ಮೆ ಈಯುವಾಗ ಬರಿಗೈಯಲ್ಲಿ ಕರು ಎಳೆಯುವವಳು, ಮಾಸು ಬೀಳಿಸಿ ತಿಪ್ಪೆಗೆ ಹೂಳುವವಳು ಮನೆಯ ಹೆಂಗಸು. ಅವಳೇ ತಿಂಗಳ ಜ್ವರ ಹೊತ್ತು ದವಾಖಾನೆಗೆ ಬಂದಾಗ ಕೇಸ್ ಪೇಪರಿನಲ್ಲಿ ಉದ್ಯೋಗ ಎಂಬಲ್ಲಿ ‘ಮನೆಗೆಲಸ’ ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ. ‘ಯವ್ವಾ, ಮನ್ಯಾಗ ಎಮ್ಮಿ ಆಡು ಅದಾವೇನು? ಇತ್ತಿತ್ಲಾಗ ಯಾವುದರ ಕಂದ ಹಾಕೇತೇನು?’ ಎಂದು ಡಾಕ್ಟರು ಕೇಳುವುದಕ್ಕೆ ಹತ್ತು ಸೆಕೆಂಡು ಸಾಕು. ಆ ಎರಡು ಪ್ರಶ್ನೆಗಳನ್ನು ಉತ್ತರ ಕರ್ನಾಟಕದ ಪ್ರತಿಯೊಂದು ಕೇಸ್ ಪೇಪರಿನಲ್ಲೂ ಅಚ್ಚು ಹಾಕಿಸಲಿ, ‘ಹೌದು’ ಎಂದು ಬಂದ ದಿನವೇ ಊರಿನ ಪಶುವೈದ್ಯರಿಗೆ ಫೋನು ಹೋಗಲಿ.