ಮನೆಕಾವಲಿಗೆ ಮೊದಲ ಕೋವಿ

ಮಲೆನಾಡಿನಲ್ಲೂ ಕೊಡಗಿನಲ್ಲೂ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರದೆ ತೋಟ, ಗದ್ದೆ, ಕಾಡಂಚುಗಳ ನಡುವೆ ಚದುರಿಕೊಂಡಿರುವುದರಿಂದ, ಕೂಗಿದರೆ ಕೇಳುವಷ್ಟು ದೂರದಲ್ಲಿ ನೆರೆಮನೆಯಿಲ್ಲದ ಒಂಟಿಮನೆಗಳವರು ಕೋವಿಯೊಂದನ್ನು ಇಟ್ಟುಕೊಳ್ಳುವುದು ತಲೆಮಾರುಗಳಿಂದ ನಡೆದುಬಂದಿದೆ. ಕೊಡವರ ಮಟ್ಟಿಗೆ ಅದು ಕಾವಲಿನ ಸಾಧನಕ್ಕಿಂತ ದೊಡ್ಡದು. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಕೆಂಪು ಹಳದಿ ಹೂವಿನಿಂದ ಸಿಂಗರಿಸಿ ಪೂಜಿಸುವ, ಸಾವಿನ ಸುದ್ದಿಯನ್ನು ಊರಿಗೆ ಮುಟ್ಟಿಸಲು ಗಾಳಿಯಲ್ಲಿ ಹಾರಿಸುವ ಕೋವಿ ಅಲ್ಲಿ ಮನೆತನದ ಗುರುತೇ ಆಗಿದೆ. ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ, 1861ರಲ್ಲಿ, ಕೊಡವರಿಗೆ ದೊರೆತ ಪರವಾನಗಿ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಉಳಿದಿದ್ದು, ಕೇಂದ್ರ ಗೃಹ ಸಚಿವಾಲಯ ಅದನ್ನು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದವರೆಲ್ಲರೂ 1959ರ ಆಯುಧ ಕಾಯ್ದೆಯಡಿ ಪರವಾನಗಿ ಪಡೆಯಲೇಬೇಕು. ಜಿಲ್ಲೆಗಳಲ್ಲಿ ಅದನ್ನು ಜಿಲ್ಲಾಧಿಕಾರಿಗಳೂ ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಕಮಿಷನರರೂ ನೀಡುತ್ತಾರೆ.

ಮನೆಕಾವಲಿಗೆ ಯಾವ ಬಗೆಯ ಆಯುಧ ತಕ್ಕದ್ದು ಎಂಬುದರ ಸೂಚನೆ ಆ ಕಾಯ್ದೆಯಲ್ಲೇ ಇದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಅದರ 13ನೆಯ ಕಲಮು ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಕೇಳುವ ಅರ್ಜಿಗಳಲ್ಲಿ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾಗಿರುವ ಬಂದೂಕನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಹೇಳುತ್ತದೆ. ನುಣುಪು ನಳಿಗೆಯೆಂದರೆ ರೈಫಲಿನಲ್ಲಿರುವಂತೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳಿಲ್ಲದ ನಳಿಗೆ. ಅದರಿಂದ ಹೊರಡುವುದು ಸಾಮಾನ್ಯವಾಗಿ ಒಂಟಿ ಗುಂಡಲ್ಲ, ಚರೆ ಎಂದು ಕರೆಯುವ ಸೀಸದ ಸಣ್ಣ ಕಾಳುಗಳ ಗುಂಪು. ರೈಫಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗಿ ಇನ್ನಾರದೋ ಅಂಗಳದಲ್ಲಿ ಬೀಳಬಹುದು. ಚರೆಯ ಕಾಳುಗಳು ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುತ್ತವೆ. ಕೂಲಿಯವರ ಲೈನುಗಳೂ ನೆರೆಯ ತೋಟಗಳೂ ಇರುವ ನೆಲದಲ್ಲಿ ಇದು ಸಣ್ಣ ವಿಷಯವಲ್ಲ.

ಕೊಳ್ಳುವವರು ಮೊದಲು ಕೇಳುವುದು ಬೋರಿನ ಬಗ್ಗೆ. ಒಂದು ಪೌಂಡ್ ಸೀಸವನ್ನು ಸಮತೂಕದ ಹನ್ನೆರಡು ಉಂಡೆಗಳಾಗಿ ಎರಕ ಹೊಯ್ದರೆ ಅದರಲ್ಲಿ ಒಂದು ಉಂಡೆ ಸರಿಯಾಗಿ ಹಿಡಿಯುವ ನಳಿಗೆಯೇ 12 ಬೋರ್. ಹಾಗಾಗಿ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತ, 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20 ಬೋರಿನದು ಸುಮಾರು 15.6 ಮಿಲಿಮೀಟರ್ ಆಗುತ್ತದೆ. ಹಗುರವಾದ 20 ಬೋರ್ ಸಣ್ಣ ಮೈಕಟ್ಟಿನವರಿಗೆ ಒಪ್ಪುವಂಥದ್ದಾದರೂ ತೋಟಾ, ಅಂದರೆ ಮದ್ದು, ಚರೆ, ಮದ್ದನ್ನು ಹೊತ್ತಿಸುವ ಕೇಪು ಎಲ್ಲವನ್ನೂ ಒಳಗೊಂಡ ಸಿದ್ಧ ಕೊಳವೆ, ಸುಲಭವಾಗಿ ಸಿಗುವುದು 12 ಬೋರಿಗೆ ಮಾತ್ರ. ತೋಟಾ ಸಿಗದ ಕೋವಿಯಿಂದ ಕಾವಲು ಆಗದು. ಒಂದೇ ಮನೆಯಲ್ಲಿ ಈ ಎರಡೂ ಬೋರುಗಳನ್ನು ಇಡಲೇಬಾರದು. 20 ಬೋರಿನ ತೋಟಾ 12 ಬೋರಿನ ನಳಿಗೆಯೊಳಕ್ಕೆ ಜಾರಿ, ತೋಟಾ ಕೂರುವ ಹಿಂಭಾಗವಾದ ಗೂಡನ್ನು ದಾಟಿ ಮುಂದೆ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿಯೆಂದು ಬಗೆದು ಹಿಂದಿನಿಂದ 12 ಬೋರಿನ ತೋಟಾ ತುಂಬಿ ಹೊಡೆದರೆ ನಳಿಗೆ ಸಿಡಿದು ಎಡಗೈಯನ್ನೇ ಒಯ್ಯಬಹುದು. ಗೂಡಿನ ಉದ್ದವನ್ನೂ ನೋಡಿಕೊಳ್ಳಬೇಕು. ಹಳೆಯ ಇಂಗ್ಲಿಷ್ ಕೋವಿಗಳ ಗೂಡು ಹೆಚ್ಚಾಗಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಅದರಲ್ಲಿ 70 ಮಿಲಿಮೀಟರಿನ ತೋಟಾ ಕೂರುತ್ತದೆ, ಏಕೆಂದರೆ ಆ ಅಳತೆ ಹೊಡೆದ ಬಳಿಕ ಬಾಯಿ ಬಿಚ್ಚಿಕೊಂಡ ತೋಟಾದ್ದು. ಕೂರುವುದು ಸರಿಹೊಂದುವುದಕ್ಕೆ ಸಾಕ್ಷಿಯಲ್ಲ. ಬಿಚ್ಚಿಕೊಂಡ ಬಾಯಿ ನಳಿಗೆಯ ಕಿರಿದಾದ ಭಾಗಕ್ಕೆ ತಾಗಿ ಒಳಗಿನ ಒತ್ತಡ ಮಿತಿಮೀರುತ್ತದೆ.

ಇನ್ನು ಯಂತ್ರದ ಮಾತು. ಗಜ ಎಂಬ ಸಲಾಕೆಯಿಂದ ಮದ್ದು, ನಾರು, ಚರೆಗಳನ್ನು ಒಂದರ ಮೇಲೊಂದು ಜಡಿಯುವ ಕೇಪಿನ ಕೋವಿ ಬೆಳೆ ಕಾಯಲು ಸದ್ದು ಮಾಡುವುದಕ್ಕೆ ಸಾಕು. ಮನೆಕಾವಲಿಗೆ ಅದು ಸಲ್ಲದು, ಏಕೆಂದರೆ ಒಮ್ಮೆ ತುಂಬಿದ ಮೇಲೆ ಹೊಡೆಯದೆ ಖಾಲಿ ಮಾಡುವುದು ಪ್ರಯಾಸದ ಕೆಲಸವಾದ್ದರಿಂದ ಅದು ತುಂಬಿದ ಸ್ಥಿತಿಯಲ್ಲೇ ಮೂಲೆ ಸೇರುತ್ತದೆ. ಒಂಟಿನಳಿಗೆಯ ತೋಟಾಕೋವಿ ಅಗ್ಗವೂ ಹಗುರವೂ ಆದದ್ದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ನಾಲ್ಕಾರು ತೋಟಾಗಳನ್ನು ಅಡಗಿಸಿಕೊಂಡು, ಮುಂಗೈಯ ಹಿಡಿಯನ್ನು ಹಿಂದೆಮುಂದೆ ಎಳೆದಾಗಲೆಲ್ಲ ಒಂದೊಂದನ್ನು ಗೂಡಿಗೆ ತರುವ ಪಂಪ್ ಆಕ್ಷನ್ ಕೋವಿಯನ್ನು ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆ ತಯಾರಿಸುತ್ತಿದ್ದು, ಅಮೆರಿಕದ ಮನೆಗಳಲ್ಲಿ ಅದಕ್ಕಿರುವ ಹೆಸರನ್ನು ಕೇಳಿ ಇಲ್ಲಿಯ ಯುವಕರೂ ಅದನ್ನೇ ಬಯಸುತ್ತಾರೆ. ಅದು ಕೆಟ್ಟ ಕೋವಿಯೇನಲ್ಲ. ಆದರೆ ಹಿಡಿಯನ್ನು ಪೂರ್ತಿ ಎಳೆಯದಿದ್ದರೆ ಹೊಸ ತೋಟಾ ಗೂಡು ಸೇರುವುದಿಲ್ಲ, ಮತ್ತು ಗಾಬರಿಯಲ್ಲಿರುವ, ಅಭ್ಯಾಸವಿಲ್ಲದ ಕೈ ಎಡವುವುದು ಸರಿಯಾಗಿ ಅಲ್ಲೇ. ಇದಕ್ಕಿಂತ ದೊಡ್ಡ ತೊಡಕೆಂದರೆ, ಗೂಡಿನಲ್ಲಿದ್ದ ತೋಟಾವನ್ನು ತೆಗೆದ ಮೇಲೂ ಕೊಳವೆಯಲ್ಲಿ ತೋಟಾಗಳು ಉಳಿದಿರಬಹುದು, ಹೊರಗಿನಿಂದ ನೋಡುವವರಿಗೆ ಅದು ತಿಳಿಯದು.

ಮೊದಲ ಕೋವಿಯಾಗಿ ಸಾದಾ ಜೋಡುನಳಿಗೆಯನ್ನೇ ಆರಿಸಬೇಕೆಂಬುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಹೆಬ್ಬೆರಳಿನಿಂದ ಮೇಲಿನ ಸನ್ನೆಯನ್ನು ಪಕ್ಕಕ್ಕೆ ಒತ್ತಿದೊಡನೆ ನಳಿಗೆಗಳು ತಿರುಗಣಿಯ ಮೇಲೆ ಮುಂದಕ್ಕೆ ಬಾಗಿ ಎರಡೂ ಗೂಡುಗಳು ತೆರೆದುಕೊಳ್ಳುತ್ತವೆ. ತೋಟಾ ಇದ್ದರೆ ಅದರ ಹಿತ್ತಾಳೆಯ ತಳ ಕಣ್ಣಿಗೆ ಬೀಳುತ್ತದೆ, ಇಲ್ಲದಿದ್ದರೆ ನಳಿಗೆಯ ಮೂಲಕ ಆಚೆಯ ಬೆಳಕು ಕಾಣುತ್ತದೆ. ಕೋವಿ ಹಿಡಿಯಲು ಬಾರದ ಅಜ್ಜಿಯೂ ಅದನ್ನು ನೋಡಿ ಖಾಲಿಯೆಂದು ಹೇಳಬಲ್ಲಳು. ಮಕ್ಕಳು, ಕೆಲಸದವರು, ಬಂದುಹೋಗುವ ನೆಂಟರು ಇರುವ ಮನೆಯಲ್ಲಿ ವರ್ಷಕ್ಕೆ ಒಮ್ಮೆಯೂ ಹಾರದೆ ನೂರಾರು ಬಾರಿ ಎತ್ತಿಡಬೇಕಾದ ವಸ್ತುವಿಗೆ ಈ ಗುಣಕ್ಕಿಂತ ಮಿಗಿಲಾದದ್ದು ಬೇರೆ ಇಲ್ಲ. ಎರಡು ಟ್ರಿಗರುಗಳಿರುವ ಕೋವಿಯಲ್ಲಿ ಪ್ರತಿ ನಳಿಗೆಗೂ ಪ್ರತ್ಯೇಕ ಯಂತ್ರವಿರುವುದರಿಂದ ಒಂದು ತೋಟಾ ಹುಸಿಯಾದರೂ ಇನ್ನೊಂದು ಕೈಯಲ್ಲಿರುತ್ತದೆ. ಪಂಪ್ ಕೋವಿಯ ಉದ್ದನೆಯ ಯಂತ್ರದ ಪೆಟ್ಟಿಗೆ ಇದಕ್ಕೆ ಇಲ್ಲವಾದ್ದರಿಂದ, ನಳಿಗೆ ಅಷ್ಟೇ ಉದ್ದವಿದ್ದರೂ ಒಟ್ಟು ಕೋವಿ ಗಿಡ್ಡವಾಗಿ, ಓಣಿ ಬಾಗಿಲುಗಳ ನಡುವೆ ತಿರುಗಿಸಲು ಹಗುರಾಗುತ್ತದೆ. ಕುದುರೆಗಳು, ಅಂದರೆ ತೋಟಾವನ್ನು ಹೊತ್ತಿಸಲು ಬಡಿಯುವ ಸುತ್ತಿಗೆಗಳು, ಹೊರಗೆ ಕಾಣುವ ಹಳೆಯ ಮಾದರಿಯಲ್ಲಿ ಅವನ್ನು ಎತ್ತಿದೆಯೇ ಇಲ್ಲವೇ ಎಂಬುದೂ ಕಾಣುತ್ತದೆ ಎಂದು ಕೆಲವರು ಅದನ್ನೇ ಮೆಚ್ಚುತ್ತಾರೆ. ಆದರೆ ತುಂಬಿದ ಕೋವಿಯಲ್ಲಿ ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಇಳಿಸುವಾಗ ಬೆವರಿದ ಬೆರಳು ಜಾರಿದರೆ ಅನಾಹುತವಾಗುವುದರಿಂದ, ಹೊಸಬರಿಗೆ 1875ರಲ್ಲಿ ಆನ್ಸನ್ ಮತ್ತು ಡೀಲಿ ರೂಪಿಸಿದ, ಕುದುರೆಗಳು ಒಳಗೇ ಅಡಗಿರುವ ಬಾಕ್ಸ್‌ಲಾಕ್ ಮಾದರಿಯೇ ಮೇಲು. ಅದರ ಸೇಫ್ಟಿ ಗುಂಡಿ ಹೆಚ್ಚಿನ ಕೋವಿಗಳಲ್ಲಿ ಟ್ರಿಗರನ್ನು ಮಾತ್ರ ತಡೆಯುತ್ತದೆ, ಒಳಗಿನ ಕುದುರೆಗಳನ್ನಲ್ಲ. ನೆಲಕ್ಕೆ ಬಿದ್ದ ಕೋವಿ ಸೇಫ್ಟಿ ಹಾಕಿದ್ದರೂ ಹಾರಬಹುದಾದ್ದರಿಂದ ಆ ಗುಂಡಿಯನ್ನು ನಂಬಿ ತುಂಬಿದ ಕೋವಿಯನ್ನು ಗೋಡೆಗೆ ಒರಗಿಸುವುದು ಸಲ್ಲದು.

ವಿದೇಶಿ ಕೋವಿಗಳನ್ನು ಸಾಮಾನ್ಯ ನಾಗರಿಕರು ತರಿಸಿಕೊಳ್ಳುವ ದಾರಿ 1980ರ ದಶಕದಿಂದ ಬಹುಮಟ್ಟಿಗೆ ಮುಚ್ಚಿರುವುದರಿಂದ ಕೊಳ್ಳುವವರ ಮುಂದೆ ಉಳಿಯುವುದು ದೇಶಿ ಕಾರ್ಖಾನೆಗಳ ಹೊಸ ಕೋವಿ ಅಥವಾ ಹಳೆಯ ತೋಟದ ಮನೆಗಳಿಂದ ಕೈಬದಲಾಗುವ ಗ್ರೀನರ್, ವೆಬ್ಲಿ ಸ್ಕಾಟ್‌ಗಳಂಥ ಇಂಗ್ಲಿಷ್ ಕೋವಿ. ಹಳೆಯದನ್ನು ನೋಡುವ ಕ್ರಮ ಬಲ್ಲವರಿಗೆ ಅದು ಆನಂದದ ಕೆಲಸ, ಅವಸರದವರಿಗೆ ಅಪಾಯದ್ದು. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು ನಳಿಗೆಗಳನ್ನು ಬಿಚ್ಚಿ, ಅವುಗಳ ಕೆಳಗಿನ ಕೊಕ್ಕೆಯನ್ನು ಒಂದು ಬೆರಳಿಗೆ ತೂಗುಹಾಕಿ ಉಗುರಿನಿಂದ ಮೀಟಿದರೆ, ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಗಟ್ಟಿಯಾಗಿರುವಾಗ ಅವು ಗಂಟೆಯಂತೆ ನಾದ ಹೊರಡಿಸುತ್ತವೆ, ಬೆಸುಗೆ ಬಿಟ್ಟಿದ್ದರೆ ಮಂಕಾಗಿ ಗೊರಗುಡುತ್ತವೆ. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಗೆ ಕಂಡರೆ ಸರಿ, ಎಲ್ಲಾದರೂ ಬಳೆ ಸೊಟ್ಟಗಾದರೆ ಅಲ್ಲಿ ತಗ್ಗೋ ಉಬ್ಬೋ ಇದೆ ಎಂದರ್ಥ. ಸಣ್ಣ ತಗ್ಗನ್ನು ಒಳ್ಳೆಯ ಕೆಲಸಗಾರ ಎತ್ತಬಲ್ಲ. ಉಬ್ಬಿದ ನಳಿಗೆಯನ್ನು ಬಿಟ್ಟುಬಿಡುವುದೇ ಲೇಸು. ಮತ್ತೆ ಜೋಡಿಸಿ, ಮುಂಗೈಯ ಮರವನ್ನು ಮಾತ್ರ ಹೊರಗಿಟ್ಟು, ಮುಚ್ಚಿದ ಕೋವಿಯನ್ನು ಹಿಂಬದಿಯ ಮರದಲ್ಲಿ ಹಿಡಿದು ಅಲುಗಿಸಿದಾಗ ಕಟಕಟ ಸದ್ದು ಬಂದರೆ ನಳಿಗೆಗೂ ಹಿಂದಿನ ಉಕ್ಕಿನ ಮುಖಕ್ಕೂ ಸಂದು ಬಿದ್ದಿದೆ ಎಂದು ತಿಳಿಯಬೇಕು. ನಳಿಗೆಯ ಕೆಳಮೈಯಲ್ಲಿ ಪ್ರೂಫ್ ಮುದ್ರೆಗಳಿರುತ್ತವೆ. ಅಂದರೆ ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡದ ತೋಟಾ ಹೊಡೆದು ಪರೀಕ್ಷಿಸಿದ ಸರ್ಕಾರಮಾನ್ಯ ಗುರುತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಗೃಹ 1813ರಿಂದ ಈ ಕೆಲಸ ಮಾಡುತ್ತ ಬಂದಿದೆ. ಹಾವಿನ ಚರ್ಮದಂಥ ಸುರುಳಿ ಚಿತ್ತಾರವಿರುವ ಡಮಾಸ್ಕಸ್ ನಳಿಗೆ ಎಷ್ಟೇ ಚೆಲುವಾಗಿದ್ದರೂ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು, ಹೆಚ್ಚಾಗಿ ಕರಿಮದ್ದಿನ ಕಾಲದ್ದು. ಇಂದಿನ ಹೊಗೆರಹಿತ ಮದ್ದಿನ ತೋಟಾಗಳಿಗೆ ಪರೀಕ್ಷೆಯಾದ ಮುದ್ರೆ ಇಲ್ಲದಿದ್ದರೆ ಅದು ಗೋಡೆಯ ಮೇಲಿರಲಿ.

ಕೋವಿ ಮೈಗೆ ಒಪ್ಪಬೇಕೆಂಬುದನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಕಣ್ಣು ಮುಚ್ಚಿ ಖಾಲಿ ಕೋವಿಯನ್ನು ಭುಜಕ್ಕೆ ಏರಿಸಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಬಳಿಕ ಕಣ್ಣು ತೆರೆದಾಗ ನೋಟ ನಳಿಗೆಗಳ ನಡುವಿನ ಪಟ್ಟಿಯ ಮೇಲೆ ನೇರವಾಗಿ ಹರಿದು ತುದಿಯ ಮಣಿಯನ್ನು ಮುಟ್ಟಬೇಕು. ಟ್ರಿಗರಿನಿಂದ ಹಿಂಬದಿಯ ತುದಿಯವರೆಗಿನ ಅಳತೆ ಸಾಮಾನ್ಯವಾಗಿ 14 ಇಂಚಿನ ಆಸುಪಾಸಿನಲ್ಲಿರುತ್ತದೆ. ಮನೆಯ ಹೆಂಗಸರೂ ಬಳಸಬೇಕಾದ ಕೋವಿಯಾದರೆ ಅವರಲ್ಲಿ ಗಿಡ್ಡವಾಗಿರುವವರಿಗೆ ತಕ್ಕಂತೆ ಕತ್ತರಿಸಿಡುವುದು ಒಳ್ಳೆಯದು, ಏಕೆಂದರೆ ಉದ್ದ ಕೈಯವರು ಗಿಡ್ಡ ಕೋವಿಯನ್ನು ಹೇಗೋ ಬಳಸಿಯಾರು, ಗಿಡ್ಡ ಕೈಯವರಿಗೆ ಉದ್ದ ಕೋವಿ ಭುಜಕ್ಕೇ ಏರದು.

ಕೋವಿಗೆ ಗುರಿ ಬೇಕಿಲ್ಲ, ಚರೆ ಹರಡಿ ತಾನೇ ತಾಗುತ್ತದೆ ಎಂಬ ನಂಬಿಕೆ ಹಳ್ಳಿ ಪೇಟೆಗಳಲ್ಲಿ ಒಂದೇ ಸಮನಾಗಿ ಹಬ್ಬಿರುವ ತಪ್ಪು. ನಳಿಗೆಯ ಬಾಯನ್ನು ತುಸು ಕಿರಿದಾಗಿಸಿ ಚರೆಯ ಗುಂಪನ್ನು ಬಿಗಿಹಿಡಿಯುವ ರಚನೆಗೆ ಚೋಕ್ ಎಂದು ಹೆಸರು. ಪೂರ್ಣ ಚೋಕಿನ ನಳಿಗೆ 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಎಪ್ಪತ್ತರಷ್ಟು ಕಾಳುಗಳನ್ನು ಕೂರಿಸುತ್ತದೆ ಎಂದ ಮೇಲೆ ಜಗುಲಿಯ ಈ ತುದಿಯಿಂದ ಆ ತುದಿಗೆ ಅದು ಅಂಗೈಯಷ್ಟೂ ಅಗಲವಾಗದು. ಹತ್ತಿರದಲ್ಲಿ ಸಣ್ಣ ಚರೆಯೂ ಒಂದೇ ಮುದ್ದೆಯಾಗಿ ಹೋಗಿ ಹಲಗೆಯ ಗೋಡೆಯನ್ನು ತೂರುತ್ತದೆ, ಆ ಗೋಡೆಯಾಚೆ ಮಕ್ಕಳು ಮಲಗಿರಬಹುದು. ಪುಣೆಯ ಖಡ್ಕಿಯ ಕಾರ್ಖಾನೆಯ ತೋಟಾಗಳಲ್ಲಿ ಎಲ್‌ಜಿ, ಎಸ್‌ಜಿ ಎಂಬವು ಕೆಲವೇ ದಪ್ಪ ಗುಂಡುಗಳದ್ದು, 4, 6 ಎಂಬವು ನೂರಾರು ಸಣ್ಣ ಕಾಳುಗಳದ್ದು. ಮರದ ಅಡ್ಡಗೋಡೆಗಳ ಮನೆಗೆ ದಪ್ಪ ಗುಂಡು ತರುವುದು ಅವಿವೇಕ. ಕೋವಿ ತಂದ ಮೇಲೆ ತೋಟದ ಮಣ್ಣಿನ ದಿಬ್ಬದ ಮುಂದೆ ಹಳೆಯ ಪತ್ರಿಕೆ ಕಟ್ಟಿ, ಮನೆಯ ಉದ್ದನೆಯ ಕೋಣೆಯಷ್ಟು ದೂರದಿಂದ ಕಾನೂನು ಒಪ್ಪುವ ಜಾಗದಲ್ಲಿ ಹೊಡೆದು ನೋಡಿದರೆ ಹಾಳೆಯ ಮೇಲಿನ ತೂತುಗಳೇ ಇದನ್ನೆಲ್ಲ ತೋರಿಸುತ್ತವೆ. 2016ರ ಆಯುಧ ನಿಯಮಗಳು ಪರವಾನಗಿಗೆ ಸುರಕ್ಷಿತ ಬಳಕೆಯ ತರಬೇತಿಯನ್ನು ಸೇರಿಸಿರುವುದು ತಕ್ಕ ಕ್ರಮ; ಅದನ್ನು ಕಾಗದದ ಶಾಸ್ತ್ರವಾಗಿ ಮುಗಿಸುವವರು ತಮ್ಮ ಮನೆಯವರಿಗೇ ಅನ್ಯಾಯ ಮಾಡುತ್ತಾರೆ.

ಕೋವಿ ಕೈಯಲ್ಲಿದೆ ಎಂದಮಾತ್ರಕ್ಕೆ ಹೊಡೆಯುವ ಹಕ್ಕು ಬರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಕನ್ನಗಳ್ಳತನದಂಥ ಕೆಲವು ಸಂದರ್ಭಗಳಲ್ಲಿ ಸ್ವತ್ತಿನ ರಕ್ಷಣೆಯ ಹಕ್ಕನ್ನು ಪ್ರಾಣಹಾನಿಯವರೆಗೂ ವಿಸ್ತರಿಸಿದರೂ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯಲು ಸಮಯವಿದ್ದಲ್ಲಿ ಈ ಹಕ್ಕೇ ಇಲ್ಲ ಎಂಬ ಕಟ್ಟುಗಳನ್ನೂ ಹಾಕಿದೆ. ಓಡುತ್ತಿರುವ ಅಡಿಕೆ ಕಳ್ಳನ ಬೆನ್ನಿಗೆ ಹೊಡೆದವನಿಗೆ ಅದರ ಆಸರೆ ಸಿಗದು. ಅಂಗಳಕ್ಕೆ ಬಂದ ಆನೆಗೂ ಚರೆ ಉತ್ತರವಲ್ಲ. ಅದು ಅಪರಾಧವೂ ಹೌದು, ಗಾಯಗೊಂಡ ಆನೆ ಇಡೀ ಊರಿಗೇ ಕಂಟಕವೂ ಹೌದು.

ಆಗುಂಬೆ, ಭಾಗಮಂಡಲದಂಥ ಕಡೆ ಮಳೆಗಾಲದ ತಿಂಗಳುಗಳಲ್ಲಿ ಬಟ್ಟೆಯೇ ಒಣಗದಿರುವಾಗ ಉಕ್ಕು ತುಕ್ಕು ಹಿಡಿಯಲು ಒಂದು ವಾರ ಸಾಕು. ನಳಿಗೆಯ ಒಳಹೊರಗನ್ನು ತೆಳುವಾದ ಕೋವಿಯೆಣ್ಣೆಯಿಂದ ಒರೆಸಿ, ಬೀಗವಿರುವ ಕಪಾಟಿನಲ್ಲಿ ಖಾಲಿಯಾಗಿ ಇಡಬೇಕು. ಉಣ್ಣೆಯ ಅಥವಾ ಕ್ಯಾನ್ವಾಸಿನ ಚೀಲ ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ ಅದರಲ್ಲಿ ಕಟ್ಟಿಡುವುದು ಬೇಡ. ತೋಟಾಗಳು ಬೇರೆ ಬೀಗದಡಿ, ಗಾಳಿಯಾಡದ ಡಬ್ಬಿಯಲ್ಲಿರಲಿ. ತೇವ ತಿಂದ ತೋಟಾ ಹುಸಿಯಾದಾಗ ಕೂಡಲೇ ಕೋವಿ ತೆರೆಯದೆ, ಬಾಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಅರೆ ನಿಮಿಷವಾದರೂ ಕಾಯಬೇಕು, ಏಕೆಂದರೆ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಚುನಾವಣೆ ಘೋಷಣೆಯಾದಾಗ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಒಪ್ಪಿಸುವಂತೆ ಆದೇಶ ಬರುವುದುಂಟು; ಒಪ್ಪಿಸುವ ಮುನ್ನ ಎಂದಿಗಿಂತ ದಪ್ಪನಾಗಿ ಎಣ್ಣೆ ಹಚ್ಚಿ, ಕೋವಿಯ ಸಂಖ್ಯೆಯನ್ನೂ ಸ್ಥಿತಿಯನ್ನೂ ರಸೀದಿಯಲ್ಲಿ ಬರೆಸಿಕೊಂಡು, ಹಿಂದಕ್ಕೆ ಪಡೆಯುವಾಗ ಅಲ್ಲೇ ತೆರೆದು ನಳಿಗೆಯೊಳಗೆ ನೋಡಿ, ನಂತರವೇ ಸಹಿ ಹಾಕುವುದು ಕ್ರಮ.