ಮುಳ್ಳು ನೋಡದ ಸರ್ವಿಸ್

ಸ್ಕೂಬಾ ಡೈವಿಂಗ್ ಮಾಡುವವರ ನಡುವೆ ಬಹುತೇಕರು ಪ್ರಶ್ನಿಸದ ಒಂದು ವಾರ್ಷಿಕ ವ್ರತವಿದೆ: ರೆಗ್ಯುಲೇಟರನ್ನು ಸರ್ವಿಸ್‌ಗೆ ಕೊಡುವುದು. ಅಂಗಡಿಯವರು ಅದನ್ನು ಪೂರ್ತಿ ಬಿಚ್ಚುತ್ತಾರೆ, ತೊಳೆಯುತ್ತಾರೆ, ಕಿಟ್‌ನಲ್ಲಿ ಬಂದ ಓ-ರಿಂಗ್ ಮತ್ತು ಸೀಟುಗಳನ್ನು ಹಾಕಿ ಮತ್ತೆ ಜೋಡಿಸುತ್ತಾರೆ. ಕಿತ್ತ ಹಳೆಯ ಸಾಮಾನನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲಿನ ಜೊತೆ ಕೊಟ್ಟರಂತೂ ಗಿರಾಕಿಗೆ ಪೂರ್ಣ ಸಮಾಧಾನ. ಆದರೆ ರೆಗ್ಯುಲೇಟರ್ ಯಾಕೆ ಸೋರುತ್ತಿತ್ತು ಎಂಬುದು ಆ ಬಿಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ತಕರಾರು ಇಷ್ಟೇ. ಈ ಪದ್ಧತಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು. ಅದರ ಅಬ್ಬರದಲ್ಲಿ ಮೂಲೆ ಸೇರಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ರೆಶರ್ ಗೇಜ್.

ವರ್ಷ ವರ್ಷವೂ ಬಿಚ್ಚಬೇಕೆಂದು ಹಲವು ತಯಾರಕರೇ ಹೇಳುವುದಿಲ್ಲ. ಆಕ್ವಾ ಲಂಗ್, ಏಪೆಕ್ಸ್ ಕಂಪನಿಗಳ ಈಚಿನ ಸೂಚನೆ ವರ್ಷಕ್ಕೊಮ್ಮೆ ತಪಾಸಣೆ, ಎರಡು ವರ್ಷ ಅಥವಾ 100 ಡೈವ್‌ಗೆ ಪೂರ್ತಿ ಸರ್ವಿಸ್ ಎನ್ನುತ್ತದೆ. ಆಟಮಿಕ್ ಕಂಪನಿ 300 ಡೈವ್‌ವರೆಗೂ ಹೋಗಿದೆ. ತಪಾಸಣೆಯೆಂದರೆ ಬಿಚ್ಚದೆ ಅಳೆದು ನೋಡುವುದು. ಆ ಅರ್ಧವನ್ನು ನುಂಗಿಹಾಕಿ, ಬಿಚ್ಚುವ ಅರ್ಧವನ್ನಷ್ಟೇ ಪೂಜೆಗಿಟ್ಟದ್ದು ಮಾರುಕಟ್ಟೆಯ ಕೆಲಸ.

ಯಂತ್ರದ ರಚನೆ ಡೈವಿಂಗ್ ಮಾಡುವವರಿಗೆ ಹೊಸತಲ್ಲ. ಸಿಲಿಂಡರ್‌ನ 200 ಬಾರ್ ಒತ್ತಡವನ್ನು ಫಸ್ಟ್ ಸ್ಟೇಜ್ ಸುಮಾರು 9–10 ಬಾರ್‌ಗೆ ಇಳಿಸಿ ಹೋಸ್‌ಗೆ ಬಿಡುತ್ತದೆ. ಬಾಯಿಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ಉಸಿರಿಗೆ ತಕ್ಕಂತೆ ಕೊಡುತ್ತದೆ. ನೆನಪಿಡಬೇಕಾದ ಸಂಗತಿ ಒಂದೇ: ಸೆಕೆಂಡ್ ಸ್ಟೇಜಿನ ವಾಲ್ವ್ ಗಾಳಿ ಹರಿಯುವ ದಿಕ್ಕಿಗೇ ತೆರೆದುಕೊಳ್ಳುವಂಥದು. ಹೋಸ್‌ನಲ್ಲಿ ಒತ್ತಡ ಮಿತಿಮೀರಿದರೆ ಅದೇ ಬಾಯಿ ಬಿಟ್ಟು ಗಾಳಿಯನ್ನು ಹೊರಹಾಕುತ್ತದೆ. ಆದ್ದರಿಂದ ಶಬ್ದ ಬರುವ ಜಾಗ ಬಾಯಿಯ ಹತ್ತಿರವಾದರೂ ರೋಗ ಸಿಲಿಂಡರ್‌ನ ಹತ್ತಿರ ಇರಬಹುದು. ಸೋರುವ ರೆಗ್ಯುಲೇಟರ್ ಬಗ್ಗೆ ನಡೆಯುವ ಮುಕ್ಕಾಲು ತಪ್ಪು ಇಲ್ಲಿಂದಲೇ ಶುರು.

ಈಗ ಗೇಜಿಗೆ ಬರೋಣ. ತೇಲುವಿಕೆ ಹೊಂದಿಸುವ ಜಾಕೆಟ್ಟಿಗೆ, ಅಂದರೆ ಬಿಸಿಡಿಗೆ, ಗಾಳಿ ಕೊಡುವ ಇನ್‌ಫ್ಲೇಟರ್ ಹೋಸ್‌ನ ತುದಿಗೆ ಅದನ್ನು ಸಿಕ್ಕಿಸಿದರಾಯಿತು, ಸ್ಪ್ಯಾನರ್ ಬೇಕಿಲ್ಲ. ಸಿಲಿಂಡರ್ ವಾಲ್ವನ್ನು ನಿಧಾನ ತೆರೆದಾಗ ಮುಳ್ಳು ಏರಿ 9.5ರಲ್ಲಿ ನಿಂತಿತು ಎನ್ನಿ. ಸೆಕೆಂಡ್ ಸ್ಟೇಜಿನ ಪರ್ಜ್ ಬಟನ್ ಒತ್ತಿದರೆ ಮುಳ್ಳು ಇಳಿಯುತ್ತದೆ. ಬಿಟ್ಟ ಕೂಡಲೇ ಚಿಮ್ಮಿ ಹಿಂದಿನ ಜಾಗಕ್ಕೇ ಬಂದು ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು. ನಿಂತರೆ ಫಸ್ಟ್ ಸ್ಟೇಜಿನ ಹೈ ಪ್ರೆಶರ್ ಸೀಟ್ ಸರಿಯಾಗಿ ಮುಚ್ಚುತ್ತಿದೆ ಎಂದರ್ಥ. 9.5ಕ್ಕೆ ಬಂದದ್ದು 9.8, ಆಮೇಲೆ 10.2 ಎಂದು ತೆವಳುತ್ತಾ ಏರಿದರೆ ಸೀಟಿನಲ್ಲಿ ಗೀರು ಬಿದ್ದಿದೆ, ಅಥವಾ ಸೀಟ್ ಕೂರುವ ಲೋಹದ ಅಂಚು ಹಾಳಾಗಿದೆ, ಇಲ್ಲವೇ ನಡುವೆ ಉಪ್ಪಿನ ಹರಳೊಂದು ಸಿಕ್ಕಿಕೊಂಡಿದೆ.

ಇಷ್ಟನ್ನು ಬಹಳ ಜನ ಬರೆದಿದ್ದಾರೆ. ಅವರು ದಾಟಿಹೋಗುವುದು ಮುಂದಿನ ಹೆಜ್ಜೆಯನ್ನು. ತೆವಳುತ್ತಿದ್ದ ಮುಳ್ಳು 11ರ ಹತ್ತಿರ ಬಂದು ನಿಂತುಬಿಡಬಹುದು. ನಿಂತ ಮುಳ್ಳನ್ನು ಕಂಡು ಆತುರದ ಮೆಕ್ಯಾನಿಕ್ ಫಸ್ಟ್ ಸ್ಟೇಜ್ ಸರಿಯಿದೆ ಎಂದು ಷರಾ ಬರೆಯುತ್ತಾನೆ. ಆ ಹೊತ್ತಿಗೆ ಸೆಕೆಂಡ್ ಸ್ಟೇಜ್ ಸಣ್ಣಗೆ ಬುಸುಗುಡುತ್ತಿರುತ್ತದೆ. ಒಳಗೆ ಬಂದಷ್ಟೇ ಗಾಳಿ ಹೊರಗೆ ಹೋಗುತ್ತಿರುವುದರಿಂದ ಮುಳ್ಳು ನಿಂತಿದೆ, ಸೀಟ್ ಮುಚ್ಚಿದ್ದರಿಂದಲ್ಲ. ಹಾಗಾಗಿ ಗೇಜ್ ಓದುವವನು ಅಂಕಿಯ ಜೊತೆಗೆ ಶಬ್ದ ಹುಟ್ಟಿದ ಗಳಿಗೆಯನ್ನೂ ಹಿಡಿಯಬೇಕು. ಒತ್ತಡ ಸರಿಯಾದ ಮಟ್ಟದಲ್ಲಿದ್ದಾಗಲೇ ಬುಸ್ ಎಂದರೆ ದೋಷ ಸೆಕೆಂಡ್ ಸ್ಟೇಜಿನದು: ಲೋ ಪ್ರೆಶರ್ ಸೀಟ್ ಸವೆದಿದೆ, ಅಥವಾ ಲಿವರ್ ಎತ್ತರವಾಗಿದೆ. ಮುಳ್ಳು ಮೊದಲು ಸದ್ದಿಲ್ಲದೆ ಏರಿ, ಬುಸ್ ಆಮೇಲೆ ಬಂದರೆ ದೋಷ ಫಸ್ಟ್ ಸ್ಟೇಜಿನದು. ಸೆಕೆಂಡ್ ಸ್ಟೇಜಿಗೆ ಹೊಂದಿಸುವ ತಿರುಪು ಇದ್ದರೆ ಅದನ್ನು ತಿರುಗಿಸಿ ಶಬ್ದ ನಿಲ್ಲಿಸಿ, ಮತ್ತೆ ಮುಳ್ಳನ್ನು ನೋಡಬಹುದು; ಏರತೊಡಗಿದರೆ ಅಪರಾಧಿ ಸಿಕ್ಕಿದಂತೆ.

ಇದಕ್ಕೆ ತಾಳ್ಮೆ ಬೇಕು. ನಿಧಾನದ ತೆವಳಿಕೆ ಅರ್ಧ ನಿಮಿಷದ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಹತ್ತು ನಿಮಿಷ ಬಿಟ್ಟರೆ ಕಾಣುತ್ತದೆ. ತುಂಬಿದ ಸಿಲಿಂಡರ್‌ನಲ್ಲಿ ನೋಡಿದ್ದನ್ನು 50 ಬಾರ್ ಉಳಿದಾಗಲೂ ನೋಡಬೇಕು. ಬ್ಯಾಲೆನ್ಸ್ಡ್ ಮಾದರಿಯಲ್ಲಿ ಅಂಕಿ ಹೆಚ್ಚು ಬದಲಾಗಬಾರದು. ಸ್ಕೂಬಾಪ್ರೋ ಎಂಕೆ2ನಂಥ ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಮಾದರಿಯಲ್ಲಿ ಸಿಲಿಂಡರ್ ಬರಿದಾದಂತೆ ಅದು ಇಳಿಯುವುದೇ ಸಹಜ. ಮುಖ್ಯ ಮತ್ತು ಹೆಚ್ಚುವರಿ ಸೆಕೆಂಡ್ ಸ್ಟೇಜ್ ಎರಡನ್ನೂ ಕಳಚಿ, ರಂಧ್ರಗಳಿಗೆ ಪ್ಲಗ್ ಹಾಕಿ ಪರೀಕ್ಷಿಸುವ ಉತ್ಸಾಹಿಗಳಿದ್ದಾರೆ. ಆ ಸಾಹಸ ಬೇಡ. ಒತ್ತಡ ಹೊರಹೋಗುವ ದಾರಿಯನ್ನೇ ಮುಚ್ಚಿದರೆ ಹೋಸ್ ಸಿಡಿಯಬಹುದು.

ಗೇಜ್ ಇಡದ ಅಂಗಡಿಯಲ್ಲಿ ಆಗುವುದೇನು? ಬಾಯಿಯಲ್ಲಿ ಸೋರುತ್ತಿದೆಯಲ್ಲ, ಸೆಕೆಂಡ್ ಸ್ಟೇಜಿನಲ್ಲಿ ಸೀಟ್ ಮುಚ್ಚುವ ರಂಧ್ರದ ತುಂಡಾದ ಆರಿಫಿಸನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಾರೆ. ಶಬ್ದ ನಿಲ್ಲುತ್ತದೆ, ಗಿರಾಕಿ ಹೋಗುತ್ತಾನೆ. ಆರಿಫಿಸಿನ ಹರಿತ ಅಂಚು ಮೆತ್ತನೆಯ ಸೀಟಿಗೆ ಇನ್ನಷ್ಟು ಒತ್ತಿ ಬಳೆಯಂಥ ಗುರುತನ್ನು ಆಳ ಮಾಡುತ್ತದೆ, ಉಸಿರೆಳೆಯುವುದು ಬಿಗಿಯಾಗುತ್ತದೆ, ನಾಲ್ಕು ಡೈವ್ ಆದ ಮೇಲೆ ಸೋರಿಕೆ ವಾಪಸು. ಮೂಲ ಕಾಯಿಲೆ ಫಸ್ಟ್ ಸ್ಟೇಜಿನದಾಗಿದ್ದರೆ ಇನ್ನೂ ಕೆಟ್ಟದು, ಎಚ್ಚರಿಕೆ ಕೊಡುತ್ತಿದ್ದ ಬಾಯಿಯನ್ನೇ ಮುಚ್ಚಿದಂತಾಯಿತು. ಥರ್ಮಾಮೀಟರ್ ಇಡದೆ ಇಂಜೆಕ್ಷನ್ ಚುಚ್ಚುವ ವೈದ್ಯನಿಗೂ ಇವರಿಗೂ ವ್ಯತ್ಯಾಸ ಕಾಣೆ. ಮೌತ್‌ಪೀಸ್ ಮೇಲ್ಮುಖವಾಗಿ ನೀರಿಗೆ ಬಿದ್ದು ಭುಸ್ಸೆಂದದ್ದನ್ನೇ ಸೋರಿಕೆಯೆಂದು ತಂದವರ ರೆಗ್ಯುಲೇಟರಿಗೂ ಇದೇ ಕಿಟ್, ಇದೇ ಬಿಲ್. ಮೌತ್‌ಪೀಸನ್ನು ಕೆಳಮುಖ ಮಾಡಿ ಎಂದಿದ್ದರೆ ಮುಗಿಯುತ್ತಿತ್ತು.

ಇನ್ನು ವಿಮರ್ಶಕ ಮಿತ್ರರ ಮಾತು. ಒಂದು ಪಂಗಡದ್ದು ಒಂದೇ ಮಂತ್ರ: ಇದು ಪ್ರಾಣ ಕಾಯುವ ಸಾಧನ, ತರಬೇತಿಯಿಲ್ಲದವರು ಮುಟ್ಟಬಾರದು. ಬಿಚ್ಚಬಾರದು ಎಂದರೆ ನಾನೂ ಒಪ್ಪುತ್ತೇನೆ. ಆದರೆ ಗೇಜ್ ಸಿಕ್ಕಿಸಿ ಅಂಕಿ ಓದುವುದು ಬಿಚ್ಚುವುದು ಹೇಗಾಯಿತು? ಪ್ರಾಣದ ಪ್ರಶ್ನೆಯಾದ್ದರಿಂದಲೇ ನೀರಿಗಿಳಿಯುವವನಿಗೆ ತನ್ನ ಯಂತ್ರದ ಸ್ಥಿತಿ ಗೊತ್ತಿರಬೇಕು. ಭಯವನ್ನು ಮುಂದಿಟ್ಟು ಗಿರಾಕಿಯ ಪ್ರಶ್ನೆಗಳನ್ನು ಅಡಗಿಸುವ ಈ ವಾದದಿಂದ ಅಂಗಡಿಗೆ ಲಾಭವಿದೆ, ಡೈವರ್‌ಗೆ ಇಲ್ಲ.

ಇನ್ನೊಂದು ಪಂಗಡ ಅದಕ್ಕಿಂತ ಜಾಣರದು. ಸೋರುವವರೆಗೆ ಕೈ ಹಾಕಬೇಡಿ ಎನ್ನುವ ಇವರು ಸಾಕ್ಷಿಗೆ ಸಿ. ಎಚ್. ವಾಡಿಂಗ್ಟನ್ ಅವರನ್ನು ಕರೆತರುತ್ತಾರೆ. ಭ್ರೂಣವಿಜ್ಞಾನಿಯಾಗಿದ್ದ ವಾಡಿಂಗ್ಟನ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್‌ಗಾಗಿ ದುಡಿದರು. ಆ ಅನುಭವದ ಪುಸ್ತಕ 1973ರಲ್ಲಿ ಬಂತು. ಅವರು ಕಂಡದ್ದು ಇದು: 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ಮುಗಿದ ಬೆನ್ನಲ್ಲೇ ವಿಮಾನಗಳು ಹೆಚ್ಚು ಕೆಡುತ್ತಿದ್ದವು, ದಿನ ಕಳೆದಂತೆ ಕೆಡುವುದು ಕಡಿಮೆಯಾಗುತ್ತಿತ್ತು. ರೆಗ್ಯುಲೇಟರಿಗೂ ಈ ಮಾತು ಸಲ್ಲುತ್ತದೆ. ತಿರುಚಿಕೊಂಡ ಓ-ರಿಂಗ್, ಆರಿಫಿಸ್ ಕೀಳುವಾಗ ತಾಗಿದ ಉಪಕರಣದ ಗೀರು, ಹೊಸ ಸೀಟ್ ಕುಳಿತುಕೊಳ್ಳುವ ಮುನ್ನವೇ ಮುಗಿಸಿದ ಹೊಂದಾಣಿಕೆ, ಇವೆಲ್ಲ ಸರ್ವಿಸ್ ಮೇಜಿನ ಮೇಲೆ ಹುಟ್ಟುವ ರೋಗಗಳು. ಸರ್ವಿಸ್ ಆದ ರೆಗ್ಯುಲೇಟರನ್ನು ನೇರ ಆಳಕ್ಕೆ ಒಯ್ಯದೆ ಮೊದಲು ತಗ್ಗು ನೀರಿನಲ್ಲಿ ನೋಡು ಎಂದು ಅನುಭವಿಗಳು ಹೇಳುವುದು ಇದಕ್ಕೇ. ಆದರೆ ಈ ಜಾಣರು ಅರ್ಧ ವಾಡಿಂಗ್ಟನ್ ಓದಿದ್ದಾರೆ. ವಾಡಿಂಗ್ಟನ್ ತಪಾಸಣೆ ನಿಲ್ಲಿಸಿ ಎನ್ನಲಿಲ್ಲ. ಕೆಟ್ಟದ್ದೆಲ್ಲವನ್ನೂ ದಾಖಲಿಸಿ, ಎಣಿಸಿ, ಆಮೇಲೆ ಅವಧಿಯನ್ನು ತಿದ್ದಿ ಎಂದರು. ದಾಖಲೆಯನ್ನೇ ಇಡದೆ ಸುಮ್ಮನಿರುವವನು ಅವರ ಹೆಸರು ಹೇಳಿಕೊಳ್ಳುವಂತಿಲ್ಲ. ಮುಳ್ಳನ್ನು ನೋಡದ ಅಂಗಡಿಯವನಿಗೂ ಮುಳ್ಳನ್ನು ನೋಡದ ಸೋಮಾರಿಗೂ ನಾನು ಭೇದ ಮಾಡಲಾರೆ.

ಕಿಟ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. ರಬ್ಬರ್ ಮುದಿಯಾಗುತ್ತದೆ, ಗ್ರೀಸ್ ಒಣಗುತ್ತದೆ, ಕ್ರೋಮ್ ಲೇಪದ ಕೆಳಗೆ ಹಿತ್ತಾಳೆ ಹಸಿರುಗಟ್ಟುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವರ್‌ಗಳನ್ನು ಒಯ್ಯುವ ದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ಆ ತಿಂಗಳುಗಳಲ್ಲಿ ಮೂಲೆಯಲ್ಲಿರುವ ರೆಗ್ಯುಲೇಟರಿನೊಳಗೆ ಸರಿಯಾಗಿ ತೊಳೆಯದ ಉಪ್ಪು ಹರಳುಗಟ್ಟುತ್ತದೆ, ಸ್ಪ್ರಿಂಗಿನ ಒತ್ತಡಕ್ಕೆ ಸೀಟ್ ಗುರುತು ಬೀಳಿಸಿಕೊಳ್ಳುತ್ತದೆ. ಸೀಸನ್ ಶುರುವಾಗುವ ಮುನ್ನ ನುರಿತ ಕೈ ಅದನ್ನು ಬಿಚ್ಚಬೇಕಾಗಿ ಬರಬಹುದು. ಬಿಚ್ಚಬೇಕೇ ಬೇಡವೇ ಎಂಬುದನ್ನು ಕ್ಯಾಲೆಂಡರ್ ಒಂದೇ ತೀರ್ಮಾನಿಸಬಾರದು, ಅಷ್ಟೆ.

ಆದ್ದರಿಂದ ಬಿಲ್ ಕೈಗೆ ಬಂದಾಗ ನೋಡಬೇಕಾದ್ದು ಹಳೆಯ ಓ-ರಿಂಗ್‌ಗಳ ಚೀಲವನ್ನಲ್ಲ. ಬಿಚ್ಚುವ ಮುನ್ನ ಮುಳ್ಳು ಎಷ್ಟರಲ್ಲಿತ್ತು, ಜೋಡಿಸಿದ ಮೇಲೆ ಎಷ್ಟರಲ್ಲಿ ನಿಂತಿತು, ಸಿಲಿಂಡರ್‌ನಲ್ಲಿ ಆಗ ಎಷ್ಟು ಒತ್ತಡವಿತ್ತು, ಎಷ್ಟು ನಿಮಿಷ ಕಾದರು? ಈ ನಾಲ್ಕು ಅಂಕಿ ಬರೆದುಕೊಡುವ ಅಂಗಡಿ ಎರಡು ಪಟ್ಟು ಹಣ ಕೇಳಿದರೂ ಕೊಡಿ. ಕೊಡದ ಅಂಗಡಿ ಕಿಟ್ ಮಾರಿದೆ, ಸರ್ವಿಸ್ ಮಾಡಿಲ್ಲ.